ಬೂಟ್ ಆದ ಕೂಡಲೇ ಗ್ರಾಫಿಕ್ಸ್ ಕಾರ್ಡ್ ಫ್ಯಾನ್ ಸ್ಕ್ರಿಪ್ಟ್ ಓಡಬೇಕು: ಒಮ್ಮೆ ಓಡುತ್ತೆ, ಒಮ್ಮೆ ಓಡಲ್ಲ

ಬಿಸಿಲೂರು | ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ಮೂರು ದಿನದಿಂದ ಒಂದೇ ವಿಷಯಕ್ಕೆ ತಲೆ ಕೆಡಿಸಿಕೊಂಡಿದ್ದೇನೆ. ಇರೋದು ಕಲಬುರಗಿಯಲ್ಲಿ. ಮೇ ತಿಂಗಳು, ಸಂಜೆ ಏಳು ಗಂಟೆಗೂ ರೂಮಿನೊಳಗೆ 37 ಡಿಗ್ರಿ. ಕಂಪ್ಯೂಟರ್‌ನಲ್ಲಿ ಸೆಕೆಂಡ್ ಹ್ಯಾಂಡ್ ಎಎಂಡಿ ರೇಡಿಯಾನ್ ಆರ್‌ಎಕ್ಸ್ 580 ಗ್ರಾಫಿಕ್ಸ್ ಕಾರ್ಡ್ ಇದೆ, ಡೆಬಿಯನ್ 12 ಲಿನಕ್ಸ್ ಹಾಕಿದ್ದೇನೆ. ತಮ್ಮ ಗೇಮ್ ಶುರು ಮಾಡಿದ ಹತ್ತು ನಿಮಿಷಕ್ಕೆ ಕಾರ್ಡ್ 84 ಡಿಗ್ರಿ ಮುಟ್ಟುತ್ತೆ.

ಅದಕ್ಕೇ ಒಂದು ಸಣ್ಣ ಬ್ಯಾಷ್ ಸ್ಕ್ರಿಪ್ಟ್ (ಕಮಾಂಡ್‌ಗಳನ್ನು ಸಾಲಾಗಿ ಬರೆದ ಫೈಲ್) ಬರೆದೆ. ಮೂರು ಸೆಕೆಂಡಿಗೊಮ್ಮೆ ಕಾರ್ಡಿನ ಬಿಸಿ ಓದುತ್ತೆ, ಬಿಸಿಗೆ ತಕ್ಕಂತೆ ಫ್ಯಾನ್ ಜೋರು ಮಾಡುತ್ತೆ. ಟರ್ಮಿನಲ್‌ನಲ್ಲಿ ಸುಡೋ (ರೂಟ್, ಅಂದರೆ ಅಡ್ಮಿನ್ ಅಧಿಕಾರ ಕೊಡೋದು) ಬ್ಯಾಷ್ ಅಂತ ಮುಂದೆ ಹಾಕಿ ಓಡಿಸಿದರೆ ಚೆನ್ನಾಗಿ ಕೆಲಸ ಮಾಡುತ್ತೆ. 84 ಇದ್ದದ್ದು 76ಕ್ಕೆ ಇಳಿಯಿತು.

ದಿನಾ ಕೈಯಿಂದ ಓಡಿಸೋದು ಬೇಡ ಅಂತ ರೂಟ್ ಕ್ರಾನ್‌ಟ್ಯಾಬ್‌ನಲ್ಲಿ (ಯಾವಾಗ ಏನು ಓಡಿಸಬೇಕು ಅಂತ ಕ್ರಾನ್‌ಗೆ ಹೇಳುವ ಪಟ್ಟಿ) ಅಟ್-ರೀಬೂಟ್ ಸಾಲು ಹಾಕಿದೆ. ನಾಲ್ಕು ಸಲ ರೀಬೂಟ್ ಮಾಡಿದರೆ ಎರಡು ಸಲ ಓಡುತ್ತೆ, ಎರಡು ಸಲ ಓಡಲ್ಲ. ಲಾಗ್‌ನಲ್ಲಿ "ಅಂಥ ಫೈಲ್ ಇಲ್ಲ" ಅಂತ ಬರುತ್ತೆ. ಸ್ಕ್ರಿಪ್ಟ್ ಒಂದಕ್ಷರವೂ ಬದಲಾಗಿಲ್ಲ.

ಒಂದು ವಿನಂತಿ. ದಯವಿಟ್ಟು ರೆಡಿ ಕೋಡ್ ಕಳಿಸಬೇಡಿ. ಏನು ಮಾಡಬೇಕು ಅಂತ ಮಾತಲ್ಲಿ ಹೇಳಿ, ನಾನೇ ಬರೆಯುತ್ತೇನೆ. ಕಲಿಯಬೇಕು ಅಂತ ಆಸೆ ಇದೆ.

ಪೆಂಗ್ವಿನ್_ಅಣ್ಣ | ರಾತ್ರಿ 9:31

ಸ್ಕ್ರಿಪ್ಟ್‌ನಲ್ಲಿ ಫ್ಯಾನ್ ಫೈಲಿನ ದಾರಿ ಏನಂತ ಬರೆದಿದ್ದೀರಿ? ಅದೊಂದು ಸಾಲು ಹೇಳಿ ಸಾಕು.

ಬಿಸಿಲೂರು | ರಾತ್ರಿ 9:34

/ಸಿಸ್/ಕ್ಲಾಸ್/ಎಚ್‌ಡಬ್ಲ್ಯೂಮಾನ್/ಎಚ್‌ಡಬ್ಲ್ಯೂಮಾನ್3/ಪಿಡಬ್ಲ್ಯೂಎಂ1. ಎಚ್‌ಡಬ್ಲ್ಯೂಮಾನ್ ಅಂದರೆ ಸೆನ್ಸರ್‌ಗಳ ಫೋಲ್ಡರ್, ಪಿಡಬ್ಲ್ಯೂಎಂ1 ಅಂದರೆ ಫ್ಯಾನ್ ವೇಗದ ಫೈಲ್. ಬಿಸಿ ಓದೋದೂ ಅದೇ ಫೋಲ್ಡರ್‌ನಿಂದ.

ಪೆಂಗ್ವಿನ್_ಅಣ್ಣ | ರಾತ್ರಿ 9:52

ತಪ್ಪು ಆ 3ರಲ್ಲಿದೆ. ಆ ನಂಬರ್ ಕಾರ್ಡಿಗೆ ಸೇರಿದ್ದಲ್ಲ. ಬೂಟ್ ಆಗುವಾಗ ಸೆನ್ಸರ್ ಡ್ರೈವರ್‌ಗಳು ಯಾವ ಕ್ರಮದಲ್ಲಿ ಲೋಡ್ ಆಗುತ್ತವೋ ಆ ಕ್ರಮದಲ್ಲಿ ಕರ್ನಲ್ (ಲಿನಕ್ಸ್‌ನ ತಿರುಳು) ನಂಬರ್ ಕೊಡುತ್ತಾ ಹೋಗುತ್ತೆ. ಆಸ್ಪತ್ರೆಯ ಟೋಕನ್ ಇದ್ದಂತೆ. ನಿನ್ನೆ ನಿಮಗೆ 3 ಬಂತು, ಇವತ್ತು ಅದೇ 3 ಇನ್ಯಾರ ಕೈಯಲ್ಲೋ ಇರುತ್ತೆ.

ಪ್ರತಿ ಎಚ್‌ಡಬ್ಲ್ಯೂಮಾನ್ ಫೋಲ್ಡರ್ ಒಳಗೂ ನೇಮ್ ಅಂತ ಒಂದು ಫೈಲ್ ಇರುತ್ತೆ. ಎಲ್ಲವನ್ನೂ ಓದಿ ನೋಡಿ. ರೀಬೂಟ್ ಮಾಡಿ ಮತ್ತೆ ಓದಿ. ಎರಡನ್ನೂ ಇಲ್ಲಿ ಹಾಕಿ.

ಬಿಸಿಲೂರು | ರಾತ್ರಿ 10:20

ಅಣ್ಣಾ, ನೀವು ಹೇಳಿದ್ದು ಸರಿ. ಮೊದಲ ಸಲ 0 ಎನ್‌ವಿಎಂಇ ಡಿಸ್ಕ್, 1 ಎನ್‌ಸಿಟಿ6775 ಬಳಗದ ಒಂದು ಚಿಪ್, 2 ಕೆ10ಟೆಂಪ್, 3 ಎಎಂಡಿಜಿಪಿಯು, ಅಂದರೆ ನನ್ನ ಕಾರ್ಡ್. ರೀಬೂಟ್ ಆದ ಮೇಲೆ 2 ಎಎಂಡಿಜಿಪಿಯು, 3 ಕೆ10ಟೆಂಪ್. ಎರಡೂ ಜಾಗ ಬದಲಾಯಿಸಿಕೊಂಡಿವೆ. ಕೆ10ಟೆಂಪ್ ಅಂದರೆ ಸಿಪಿಯು ಬಿಸಿ ಅಳೆಯೋದು, ಅಲ್ವಾ? ಸ್ಕ್ರಿಪ್ಟ್ ಮೊದಲು ಫ್ಯಾನ್ ಫೈಲನ್ನು ಓದಿ ನೋಡುತ್ತೆ, ಅದರಲ್ಲಿ ಆ ಫೈಲೇ ಇಲ್ಲ. ಅದಕ್ಕೇ "ಅಂಥ ಫೈಲ್ ಇಲ್ಲ".

ತುಂಗಾತೀರ | ರಾತ್ರಿ 10:41

ಬಿಸಿಲೂರು ಅವರೇ, ಫೈಲ್ ಇಲ್ಲ ಅಂತ ಬಂದದ್ದು ನಿಮ್ಮ ಪುಣ್ಯ. ನಿಮ್ಮ ಪಟ್ಟಿಯಲ್ಲಿ 1ರಲ್ಲಿ ಇದೆಯಲ್ಲ, ಆ ಎನ್‌ಸಿಟಿ ಚಿಪ್ ಇರೋದು ಮದರ್‌ಬೋರ್ಡ್ ಮೇಲೆ. ಸಿಪಿಯು ಫ್ಯಾನ್, ಕ್ಯಾಬಿನೆಟ್ ಫ್ಯಾನ್ ಎಲ್ಲಾ ಅದರ ಕೈಯಲ್ಲಿ. ಅದರಲ್ಲೂ ಪಿಡಬ್ಲ್ಯೂಎಂ1 ಅನ್ನೋ ಫೈಲ್ ಇದೆ, ಪಿಡಬ್ಲ್ಯೂಎಂ1_ಎನೇಬಲ್ (ಫ್ಯಾನ್ ಯಾರ ಕೈಯಲ್ಲಿ ಅಂತ ಹೇಳುವ ಫೈಲ್) ಇದೆ, ಟೆಂಪ್1_ಇನ್‌ಪುಟ್ (ಬಿಸಿಯ ಫೈಲ್) ಕೂಡ ಇದೆ. ಯಾವತ್ತಾದರೂ ಅದಕ್ಕೆ 3 ಸಿಕ್ಕಿದ್ದರೆ ನಿಮ್ಮ ಸ್ಕ್ರಿಪ್ಟ್ ಒಂದು ಎರರ್ ಕೂಡ ಕೊಡದೆ ಓಡುತ್ತಿತ್ತು. ಮದರ್‌ಬೋರ್ಡ್ ಬಿಸಿ 40 ಅಂತ ಓದಿ, ಸಿಪಿಯು ಫ್ಯಾನನ್ನೋ ಕ್ಯಾಬಿನೆಟ್ ಫ್ಯಾನನ್ನೋ ಮೆಲ್ಲಗೆ ಮಾಡಿ ಕೂರುತ್ತಿತ್ತು. ಅದು ಸಿಪಿಯು ಫ್ಯಾನ್ ಆಗಿದ್ದರೆ, ಗೇಮ್ ಓಡುವಾಗ ಸಿಪಿಯು ಬೇಯುತ್ತಿತ್ತು.

ಫ್ಯಾನ್ ಫೈಲಿಗೆ ಬರೆಯುವ ಯಾವ ಸ್ಕ್ರಿಪ್ಟೇ ಆಗಲಿ, ಬರೆಯುವ ಮೊದಲು "ಇದು ನನ್ನ ಕಾರ್ಡೇನಾ?" ಅಂತ ಕೇಳಲೇಬೇಕು.

ಪೆಂಗ್ವಿನ್_ಅಣ್ಣ | ರಾತ್ರಿ 11:05

ತುಂಗಾತೀರ ಹೇಳಿದ್ದನ್ನು ಎಲ್ಲರೂ ಎರಡು ಸಲ ಓದಿ.

ಕಾರ್ಡ್ ಹುಡುಕೋಕೆ ಎರಡು ದಾರಿ ಇವೆ. ಒಂದು, ಎಲ್ಲಾ ಎಚ್‌ಡಬ್ಲ್ಯೂಮಾನ್ ಫೋಲ್ಡರ್‌ಗಳನ್ನೂ ಒಂದು ಲೂಪ್‌ನಲ್ಲಿ ತಿರುಗಿ, ನೇಮ್ ಫೈಲಿನಲ್ಲಿ ಎಎಂಡಿಜಿಪಿಯು ಅಂತ ಇದ್ದು, ಅದರೊಳಗೆ ಪಿಡಬ್ಲ್ಯೂಎಂ1 ಕೂಡ ಇದ್ದರೆ ಮಾತ್ರ ಆ ದಾರಿ ಹಿಡಿಯೋದು. ಎರಡನೇ ಪರೀಕ್ಷೆ ಯಾಕೆ ಅಂದರೆ, ರೈಜನ್ ಪ್ರೊಸೆಸರ್ ಒಳಗೇ ಗ್ರಾಫಿಕ್ಸ್ ಇದ್ದರೆ ಅದರ ಹೆಸರೂ ಎಎಂಡಿಜಿಪಿಯು ಅಂತಲೇ ಬರುತ್ತೆ. ಅದಕ್ಕೆ ಸ್ವಂತ ಫ್ಯಾನ್ ಇರಲ್ಲ.

ಇನ್ನೊಂದು, ಪಿಸಿಐ ವಿಳಾಸ, ಅಂದರೆ ಕಾರ್ಡ್ ಕೂತ ಸ್ಲಾಟಿನ ವಿಳಾಸ. ಎಲ್‌ಎಸ್‌ಪಿಸಿಐ ಕಮಾಂಡ್ ಕೊಟ್ಟರೆ ಕಾರ್ಡಿನ ವಿಳಾಸ ಸಿಗುತ್ತೆ. /ಸಿಸ್/ಬಸ್/ಪಿಸಿಐ/ಡಿವೈಸಸ್ ಒಳಗೆ ಆ ವಿಳಾಸದ ಫೋಲ್ಡರ್, ಅದರೊಳಗೆ ಎಚ್‌ಡಬ್ಲ್ಯೂಮಾನ್, ಅದರೊಳಗೆ ನಂಬರ್ ಇರುವ ಒಂದೇ ಒಂದು ಫೋಲ್ಡರ್. ನಂಬರ್ ಜಾಗದಲ್ಲಿ ನಕ್ಷತ್ರ ಚಿಹ್ನೆ ಹಾಕಿದರೆ ಆಯಿತು. ಕಾರ್ಡನ್ನು ಬೇರೆ ಸ್ಲಾಟಿಗೆ ಹಾಕದಿದ್ದರೆ ವಿಳಾಸ ಸಾಮಾನ್ಯವಾಗಿ ಹಾಗೇ ಇರುತ್ತೆ. ಎರಡು ಕಾರ್ಡ್ ಇರುವವರಿಗೆ ಇದೇ ಒಳ್ಳೇದು.

ಡಿಆರ್‌ಎಂ (ಗ್ರಾಫಿಕ್ಸ್ ಡ್ರೈವರ್‌ಗಳ) ಫೋಲ್ಡರ್‌ನ ಕಾರ್ಡ್0 ನಂಬಿಕೊಂಡು ಬರೆಯಬೇಡಿ. ಕರ್ನಲ್ ಅಪ್‌ಡೇಟ್ ಆದ ಮೇಲೆ ಅದು ಕಾರ್ಡ್1 ಆದದ್ದು ನೋಡಿದ್ದೇನೆ.

ಹೊಸಬ_22 | ರಾತ್ರಿ 11:18

ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನಾನೂ ಸುಡೋ ಎಕೋ 1 ಅಂತ ಬರೆದು, ಬಾಣದ ಗುರುತು ಹಾಕಿ ಆ ಎನೇಬಲ್ ಫೈಲಿಗೆ ಕಳಿಸಿದೆ. ಸುಡೋ ಹಾಕಿದರೂ ಅನುಮತಿ ಇಲ್ಲ ಅಂತ ಬರುತ್ತಲ್ಲ?

ಪೆಂಗ್ವಿನ್_ಅಣ್ಣ | ರಾತ್ರಿ 11:22

ಬಾಣದ ಕೆಲಸ ಮಾಡೋದು ನಿಮ್ಮ ಶೆಲ್ (ಟರ್ಮಿನಲ್‌ನಲ್ಲಿ ಕಮಾಂಡ್ ಓದಿ ಓಡಿಸುವ ಪ್ರೋಗ್ರಾಂ), ಸುಡೋ ಅಲ್ಲ. ಸುಡೋ ಶುರುವಾಗುವ ಮುಂಚೆಯೇ ಶೆಲ್ ನಿಮ್ಮ ಹೆಸರಲ್ಲಿ ಫೈಲ್ ತೆಗೆಯಲು ಹೋಗಿ ಬಾಗಿಲಲ್ಲೇ ನಿಲ್ಲುತ್ತೆ. ಎಕೋ ಬರೆದು, ಪೈಪ್ ಹಾಕಿ, ಸುಡೋ ಟೀ ಅಂತ ಕೊಟ್ಟು ಫೈಲಿನ ಹೆಸರು ಹಾಕಿ.

ಬಿಸಿಲೂರು | ಮರುದಿನ, ಬೆಳಿಗ್ಗೆ 7:05

ಹೆಸರು ನೋಡಿ ಹುಡುಕುವ ಲೂಪ್ ಬರೆದೆ. ಐದು ರೀಬೂಟ್, ಐದು ಸಲವೂ ಓಡಿತು! ಪೆಂಗ್ವಿನ್ ಅಣ್ಣಾ, ತುಂಗಾತೀರ ಅವರೇ, ತುಂಬಾ ಥ್ಯಾಂಕ್ಸ್. ಇನ್ನು ಕ್ರಾನ್‌ಟ್ಯಾಬ್‌ನಲ್ಲೇ ಬಿಡಲಾ?

ತುಂಗಾತೀರ | ಬೆಳಿಗ್ಗೆ 8:30

ಬೇಡ. ಬೂಟ್‌ನಲ್ಲಿ ಓಡಿಸೋದು ಅರ್ಧ ಕೆಲಸ ಅಷ್ಟೇ. ಇನ್ನರ್ಧ ನನಗೆ ಹೇಗೆ ಗೊತ್ತಾಯಿತು ಅಂತ ಹೇಳುತ್ತೇನೆ.

ಎರಡು ವರ್ಷದ ಹಿಂದೆ ನಾನೂ ಕ್ರಾನ್‌ನಲ್ಲೇ ಹಾಕಿದ್ದೆ. ಚಳಿಗಾಲದಲ್ಲಿ ಬರೆದದ್ದು. ಸದ್ದು ಬೇಡ ಅಂತ, 50 ಡಿಗ್ರಿ ಕೆಳಗೆ ಪಿಡಬ್ಲ್ಯೂಎಂ 60 ಅಂತ ಇಟ್ಟಿದ್ದೆ. ಅದು 255ರಲ್ಲಿ 60, ಅಂದರೆ ಕಾಲು ಭಾಗಕ್ಕಿಂತ ಕಡಿಮೆ. ಏಪ್ರಿಲ್‌ನಲ್ಲಿ ಒಂದು ಸಂಜೆ ಏನೋ ಕಂಪೈಲ್ ಮಾಡುತ್ತಿದ್ದೆ. ರ‍್ಯಾಮ್ ಪೂರ್ತಿ ತುಂಬಿ, ಕರ್ನಲ್ ಸಿಕ್ಕ ಪ್ರೋಗ್ರಾಂಗಳನ್ನು ಕೊಂದು ಜಾಗ ಮಾಡಿಕೊಂಡಿತು. ಅದರಲ್ಲಿ ನನ್ನ ಫ್ಯಾನ್ ಸ್ಕ್ರಿಪ್ಟೂ ಹೋಯಿತು. ನನಗೆ ಗೊತ್ತೇ ಆಗಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಮಗಳು ಗೇಮ್ ಹಾಕಿದಳು. ಕಾರ್ಡ್ ಮ್ಯಾನುಯಲ್ ಮೋಡ್‌ನಲ್ಲೇ ಇತ್ತು. ಫ್ಯಾನ್ 60ರಲ್ಲೇ ನಿಂತಿತ್ತು. ಏರಿಸುವವರು ಯಾರೂ ಇರಲಿಲ್ಲ. ಚಿತ್ರ ತಡೆದು ತಡೆದು ಬರೋಕೆ ಶುರುವಾಯಿತು, ಆಮೇಲೆ ಸ್ಕ್ರೀನ್ ಕಪ್ಪಾಯಿತು. ಕ್ಯಾಬಿನೆಟ್‌ನ ಪಕ್ಕದ ತಗಡು ಮುಟ್ಟಿದರೆ ಕೈ ಹಿಂದೆ ತೆಗೆಯುವಷ್ಟು ಬಿಸಿ.

ಪಿಡಬ್ಲ್ಯೂಎಂ1_ಎನೇಬಲ್ ಫೈಲಿಗೆ 1 ಬರೆದ ಕ್ಷಣದಿಂದ ಫ್ಯಾನಿನ ಜವಾಬ್ದಾರಿ ನಿಮ್ಮದು. 2 ಬರೆಯುವ ತನಕ ಕಾರ್ಡ್ ತಾನಾಗಿ ಫ್ಯಾನ್ ಏರಿಸಲ್ಲ. ಹಾಗಾಗಿ ಸ್ಕ್ರಿಪ್ಟ್ ಯಾವ ಕಾರಣಕ್ಕೆ ಸತ್ತರೂ, ಯಾರಾದರೂ ಅಲ್ಲಿ 2 ಬರೆಯಲೇಬೇಕು. ಕ್ರಾನ್ ಆ ಕೆಲಸ ಮಾಡಲ್ಲ. ಅದು ಓಡಿಸಿ ಕೈ ತೊಳೆದುಕೊಳ್ಳುತ್ತೆ. ಸ್ಕ್ರಿಪ್ಟ್ ಒಳಗೆ ಟ್ರ್ಯಾಪ್ (ಸಾಯುವ ಮುಂಚೆ ಓಡುವ ಸಾಲು) ಹಾಕಬಹುದು, ಆದರೆ ಕಿಲ್ ಮೈನಸ್ 9 (ಕೇಳದೇ ತಕ್ಷಣ ಕೊಲ್ಲುವ ಸಿಗ್ನಲ್) ಬಂದರೆ ಟ್ರ್ಯಾಪ್ ಓಡಲ್ಲ. ನನ್ನ ಸ್ಕ್ರಿಪ್ಟ್ ಸತ್ತದ್ದು ಹಾಗೇ.

ಬೂಟ್‌ನಿಂದ ಎಲ್ಲಾ ಸರ್ವಿಸ್‌ಗಳನ್ನು ಓಡಿಸಿ ಕಾಯುವ ಸಿಸ್ಟಂಡಿ ಇದನ್ನು ಸರಿಯಾಗಿ ನೋಡಿಕೊಳ್ಳುತ್ತೆ.

ಪೆಂಗ್ವಿನ್_ಅಣ್ಣ | ಬೆಳಿಗ್ಗೆ 9:10

ಸರ್ವಿಸ್ ಫೈಲ್ /ಇಟಿಸಿ/ಸಿಸ್ಟಂಡಿ/ಸಿಸ್ಟಂ ಒಳಗೆ ಇರಲಿ. ಹೆಸರು ನಿಮ್ಮಿಷ್ಟ, ಕೊನೆಗೆ ಡಾಟ್ ಸರ್ವಿಸ್ ಅಂತ ಇರಬೇಕು. ಒಳಗೆ ಮೂರು ಭಾಗ ಬರುತ್ತವೆ. ಯೂನಿಟ್‌ನಲ್ಲಿ ಒಂದು ಸಾಲು ವಿವರಣೆ ಸಾಕು. ಇನ್‌ಸ್ಟಾಲ್‌ನಲ್ಲಿ ವಾಂಟೆಡ್‌ಬೈ ಮಲ್ಟಿ-ಯೂಸರ್ ಡಾಟ್ ಟಾರ್ಗೆಟ್. ಈ ಸಾಲು ಇಲ್ಲದಿದ್ದರೆ ಎನೇಬಲ್ ಮಾಡಿದರೂ ಬೂಟ್‌ನಲ್ಲಿ ಶುರುವಾಗಲ್ಲ.

ಮುಖ್ಯವಾದದ್ದು ನಡುವಿನ ಸರ್ವಿಸ್ ಭಾಗ. ಎಕ್ಸೆಕ್‌ಸ್ಟಾರ್ಟ್‌ನಲ್ಲಿ ಸ್ಕ್ರಿಪ್ಟಿನ ಪೂರ್ತಿ ದಾರಿ. ರೀಸ್ಟಾರ್ಟ್ ಆನ್-ಫೇಲ್ಯೂರ್. ರೀಸ್ಟಾರ್ಟ್‌ಸೆಕ್ 5. ಆಮೇಲೆ ಎಕ್ಸೆಕ್‌ಸ್ಟಾಪ್‌ಪೋಸ್ಟ್. ತುಂಗಾತೀರ ಹೇಳಿದ್ದನ್ನು ಮಾಡೋದು ಈ ಕೊನೆಯ ಸಾಲೇ. ಸ್ಕ್ರಿಪ್ಟ್ ತಾನಾಗಿ ನಿಂತರೂ, ನೀವು ನಿಲ್ಲಿಸಿದರೂ, ಕಿಲ್ ಮೈನಸ್ 9ರಿಂದ ಸತ್ತರೂ ಅದು ಓಡುತ್ತೆ. ಅಲ್ಲಿ ನಿಮ್ಮ ಸ್ಕ್ರಿಪ್ಟನ್ನೇ ಒಂದು ಬೇರೆ ಪದ ಕೊಟ್ಟು ಕರೆಯಿರಿ, ಉದಾಹರಣೆಗೆ ಆಟೋ ಅಂತ. ಆ ಪದ ಬಂದರೆ ಸ್ಕ್ರಿಪ್ಟ್ ಕಾರ್ಡ್ ಹುಡುಕಿ, 2 ಬರೆದು, ಹೊರಗೆ ಬರಬೇಕು. ಆಗ ಕಾರ್ಡ್ ಹುಡುಕುವ ಭಾಗ ಒಂದೇ ಕಡೆ ಇರುತ್ತೆ.

ಸ್ಕ್ರಿಪ್ಟ್ ಶುರುವಾದಾಗ ಕಾರ್ಡ್ ಸಿಗದಿದ್ದರೆ ತಕ್ಷಣ ಸೋಲೋದು ಬೇಡ. ಸೆಕೆಂಡಿಗೊಂದು ಸಲ, ಮೂವತ್ತು ಸಲ ಹುಡುಕಲಿ. ಡ್ರೈವರ್ ಲೋಡ್ ಆಗೋದು ತಡವಾದ ದಿನ ಇದು ಉಪಯೋಗಕ್ಕೆ ಬರುತ್ತೆ.

ಸಿಸ್ಟಂಸಿಟಿಎಲ್ ಕಮಾಂಡಿನಿಂದ ಡೀಮನ್-ರೀಲೋಡ್ ಮಾಡಿ, ಎನೇಬಲ್ ಜೊತೆ ನೌ ಹಾಕಿ. ಕ್ರಾನ್‌ಟ್ಯಾಬ್ ಸಾಲು ಅಳಿಸೋದು ಮರೆಯಬೇಡಿ. ಇಲ್ಲದಿದ್ದರೆ ಎರಡು ಸ್ಕ್ರಿಪ್ಟ್ ಒಂದೇ ಫ್ಯಾನಿಗೆ ಜಗಳ ಆಡುತ್ತವೆ.

ಬಿಸಿಲೂರು | ಸಂಜೆ 6:48

ಎಲ್ಲಾ ಬರೆದೆ. ಶುರು ಮಾಡಿದ ಕೂಡಲೇ ಫೇಲ್. ಸ್ಟೇಟಸ್‌ನಲ್ಲಿ 203/ಎಕ್ಸೆಕ್ ಅಂತ ಬರುತ್ತೆ. ಜರ್ನಲ್‌ನಲ್ಲಿ ಎಕ್ಸೆಕ್ ಫಾರ್ಮ್ಯಾಟ್ ಎರರ್. ಇದೇ ಸ್ಕ್ರಿಪ್ಟ್ ಬೆಳಿಗ್ಗೆ ಕ್ರಾನ್‌ನಲ್ಲಿ ಓಡಿತ್ತು.

ಧಾರವಾಡ_ಪೇಡಾ | ಸಂಜೆ 6:55

ಸ್ಕ್ರಿಪ್ಟಿನ ಮೊದಲ ಸಾಲು ಏನು?

ಬಿಸಿಲೂರು | ಸಂಜೆ 6:57

ನನ್ನ ಹೆಸರು, ತಾರೀಖು. ಹ್ಯಾಷ್ ಹಾಕಿ ಬರೆದಿದ್ದೇನೆ.

ಧಾರವಾಡ_ಪೇಡಾ | ಸಂಜೆ 7:06

ಹಾಗಾದರೆ ಅದೇ ಕಾರಣ. ಮೊದಲ ಸಾಲಿನ ಮೊದಲ ಎರಡು ಅಕ್ಷರ ಹ್ಯಾಷ್ ಮತ್ತು ಆಶ್ಚರ್ಯ ಚಿಹ್ನೆ ಇರಬೇಕು, ಮುಂದೆ /ಬಿನ್/ಬ್ಯಾಷ್. ಅದನ್ನು ನೋಡಿಯೇ ಕರ್ನಲ್‌ಗೆ ಈ ಫೈಲನ್ನು ಯಾರ ಕೈಗೆ ಕೊಡಬೇಕು ಅಂತ ಗೊತ್ತಾಗೋದು. ನೀವು ಟರ್ಮಿನಲ್‌ನಲ್ಲಿ ಬ್ಯಾಷ್ ಅಂತ ನೀವೇ ಹೇಳುತ್ತಿದ್ದಿರಿ. ಕ್ರಾನ್ ತನ್ನ ಸಾಲನ್ನು ಒಂದು ಶೆಲ್‌ಗೆ ಕೊಟ್ಟು ಓಡಿಸುತ್ತೆ. ಸಿಸ್ಟಂಡಿ ನಡುವೆ ಶೆಲ್ ಇಡಲ್ಲ, ನೇರ ಕರ್ನಲ್‌ಗೆ ಕೊಡುತ್ತೆ. ಎಕ್ಸಿಕ್ಯೂಟ್ ಅನುಮತಿ ಇದೆಯಾ ಅನ್ನೋದನ್ನೂ ನೋಡಿ. ಅದಿಲ್ಲದಿದ್ದರೂ ಇದೇ 203 ಬರುತ್ತೆ.

ಇನ್ನೊಂದು ಮಾತು. ಸ್ಕ್ರಿಪ್ಟ್ ಹೋಮ್ ಫೋಲ್ಡರ್‌ನಲ್ಲಿದ್ದರೆ /ಯುಎಸ್‌ಆರ್/ಲೋಕಲ್/ಬಿನ್‌ಗೆ ಹಾಕಿ, ಓನರ್ ರೂಟ್ ಮಾಡಿ. ರೂಟ್ ಆಗಿ ಓಡುವ ಫೈಲನ್ನು ನಿಮ್ಮ ಅಕೌಂಟಿನಲ್ಲಿ ಓಡುವ ಯಾವ ಪ್ರೋಗ್ರಾಂ ಬೇಕಾದರೂ ತಿದ್ದುವ ಹಾಗೆ ಇಡಬಾರದು. ನಾನು ಫೆಡೋರಾ ಬಳಸುತ್ತೇನೆ. ಅಲ್ಲಿ ಹೋಮ್‌ನಲ್ಲಿರುವ ಸ್ಕ್ರಿಪ್ಟನ್ನು ಸರ್ವಿಸ್ ಮುಟ್ಟಲು ಹೋದರೆ ಎಸ್‌ಇಲಿನಕ್ಸ್ ಅನ್ನೋ ಭದ್ರತಾ ಕಾವಲು ತಡೆಯುತ್ತೆ. ಸ್ಕ್ರಿಪ್ಟ್ ಜಾಗ ಬದಲಿಸಿದ ಮೇಲೆ ರಿಸ್ಟೋರ್‌ಕಾನ್ ಕಮಾಂಡ್ ಕೊಟ್ಟರೆ ಸರಿಹೋಗುತ್ತೆ.

ಬಿಸಿಲೂರು | ಸಂಜೆ 7:20

ಮೇಡಂ, ಓಡಿತು! ಹಸಿರು ಚುಕ್ಕೆ ಬಂತು. ಆ ಎರಡು ಅಕ್ಷರಕ್ಕೆ ಇಷ್ಟು ತೂಕ ಇದೆ ಅಂತ ಗೊತ್ತಿರಲಿಲ್ಲ.

ತುಂಗಾತೀರ ಅವರೇ, ನೀವು ಹೇಳಿದ್ದನ್ನೂ ಪರೀಕ್ಷೆ ಮಾಡಿದೆ. ಒಂದು ಟರ್ಮಿನಲ್‌ನಲ್ಲಿ ಎನೇಬಲ್ ಫೈಲನ್ನು ಸೆಕೆಂಡಿಗೊಮ್ಮೆ ಓದುತ್ತಾ ಇಟ್ಟೆ. ಇನ್ನೊಂದರಲ್ಲಿ ಸ್ಕ್ರಿಪ್ಟಿಗೆ ಕಿಲ್ ಮೈನಸ್ 9 ಕೊಟ್ಟೆ. 1, 1, 1 ಅಂತ ಬರುತ್ತಿದ್ದದ್ದು ತಕ್ಷಣ 2 ಆಯಿತು. ಐದು ಸೆಕೆಂಡ್ 2 ಇತ್ತು. ಆಮೇಲೆ ಸ್ಕ್ರಿಪ್ಟ್ ತಾನಾಗಿ ಎದ್ದು ಮತ್ತೆ 1 ಬಂತು. ನೋಡಿ ತುಂಬಾ ಖುಷಿಯಾಯಿತು.

ತುಂಗಾತೀರ | ಸಂಜೆ 7:44

ಇದನ್ನು ಓದಿ ನನಗೂ ಸಮಾಧಾನ ಆಯಿತು. ಬಿಸಿ ಓದಿದಾಗ ಖಾಲಿ ಬಂದರೆ ಏನು ಮಾಡಬೇಕು ಅನ್ನೋದನ್ನೂ ಸ್ಕ್ರಿಪ್ಟಿಗೆ ಹೇಳಿಕೊಡಿ. ಖಾಲಿಯನ್ನು ಸೊನ್ನೆ ಅಂತ ತಿಳಿದರೆ ಫ್ಯಾನ್ ನಿಲ್ಲಿಸಿಬಿಡುತ್ತೆ. ಅಂಕಿ ಅಲ್ಲದ್ದು ಏನೇ ಬಂದರೂ ಎರರ್ ಕೊಟ್ಟು ಹೊರಗೆ ಬರಲಿ, ಮುಂದಿನದನ್ನು ಎಕ್ಸೆಕ್‌ಸ್ಟಾಪ್‌ಪೋಸ್ಟ್ ನೋಡಿಕೊಳ್ಳುತ್ತೆ.

ಹೊಸಬ_22 | ರಾತ್ರಿ 8:15

ನಂದು ಎನ್‌ವಿಡಿಯಾ ಜಿಟಿಎಕ್ಸ್ 1660. ಇದೇ ಸ್ಕ್ರಿಪ್ಟ್ ನಡೆಯುತ್ತಾ? ನನ್ನ ಕಂಪ್ಯೂಟರ್‌ನಲ್ಲಿ ಕಾರ್ಡಿನ ಎಚ್‌ಡಬ್ಲ್ಯೂಮಾನ್ ಫೋಲ್ಡರೇ ಇಲ್ಲ.

ಧಾರವಾಡ_ಪೇಡಾ | ರಾತ್ರಿ 8:50

ನಡೆಯಲ್ಲ, ಅದರ ದಾರಿ ಬೇರೆ. ಎಕ್ಸ್ ಸರ್ವರ್ (ಸ್ಕ್ರೀನ್ ಮೇಲೆ ಚಿತ್ರ ತೋರಿಸುವ ಪ್ರೋಗ್ರಾಂ) ಬಳಸುತ್ತಿದ್ದರೆ ಎಕ್ಸ್ ಕಾನ್ಫಿಗರೇಶನ್‌ನಲ್ಲಿ ಕೂಲ್‌ಬಿಟ್ಸ್ 4 ಹಾಕಿ, ಎನ್‌ವಿಡಿಯಾ-ಸೆಟಿಂಗ್ಸ್ ಕಮಾಂಡಿನಿಂದ ಮೊದಲು ಫ್ಯಾನ್ ಕಂಟ್ರೋಲ್ ತೆಗೆದುಕೊಂಡು, ಆಮೇಲೆ ಶೇಕಡಾ ಎಷ್ಟು ಅಂತ ಕೊಡಬೇಕು. ಆದರೆ ಆ ಕಮಾಂಡಿಗೆ ಡಿಸ್‌ಪ್ಲೇ ಬೇಕು. ಬೂಟ್‌ನಲ್ಲಿ ಓಡುವ ಸರ್ವಿಸ್‌ಗೆ, ಕ್ರಾನ್‌ಗೆ ಡಿಸ್‌ಪ್ಲೇ ಗೊತ್ತಿರಲ್ಲ. ಅದಕ್ಕೇ ತುಂಬಾ ಜನ ಅಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಹೊಸ ಡ್ರೈವರ್‌ಗಳಲ್ಲಿ ರೂಟ್ ಅನುಮತಿಯೂ ಬೇಕಾಗುತ್ತೆ.

ಈಗ ನೋಡಿದರೆ ಎನ್‌ವಿಡಿಯಾದ್ದೇ ಎನ್‌ವಿಎಂಎಲ್ ಲೈಬ್ರರಿ ಬಳಸೋದು ಮೇಲು. ಪೈಥಾನ್‌ನಿಂದ ಕರೆಯಬಹುದು, ಡಿಸ್‌ಪ್ಲೇ ಬೇಡ, ಎಕ್ಸ್ ಬದಲು ವೇಲ್ಯಾಂಡ್ ಇದ್ದರೂ ನಡೆಯುತ್ತೆ. ರೂಟ್ ಆಗಿ ಓಡಬೇಕು, ಹಾಗಾಗಿ ಸಿಸ್ಟಂಡಿ ಸರ್ವಿಸ್‌ಗೆ ಸರಿಯಾಗಿ ಹೊಂದುತ್ತೆ. ಎರಡು ಫ್ಯಾನ್ ಇದ್ದರೆ ಎಷ್ಟು ಅಂತ ಲೈಬ್ರರಿಯನ್ನೇ ಕೇಳಿ, ಒಂದೊಂದಕ್ಕೂ ಬೇರೆ ಬೇರೆ ಕೊಡಿ. ಫ್ಯಾನನ್ನು ಡಿಫಾಲ್ಟ್‌ಗೆ ಮರಳಿಸುವ ಫಂಕ್ಷನ್ ಕೂಡ ಅದರಲ್ಲಿದೆ. ತುಂಗಾತೀರ ಹೇಳಿದ ಹಾಗೆ ಅದನ್ನು ಎಕ್ಸೆಕ್‌ಸ್ಟಾಪ್‌ಪೋಸ್ಟ್‌ನಲ್ಲಿ ಇಡಿ.

ಕಾವೇರಿ_ಕೋಡ್ | ರಾತ್ರಿ 9:30

ಇಷ್ಟೆಲ್ಲಾ ಯಾಕೆ? ಎಲ್‌ಎಸಿಟಿ ಅನ್ನೋ ಸಾಫ್ಟ್‌ವೇರ್ ಹಾಕಿ, ಫ್ಯಾನಿನ ಗೆರೆ ಎಳೆದು, ಅಪ್ಲೈ ಒತ್ತಿದರೆ ಮುಗೀತು. ಅದಕ್ಕೆ ತನ್ನದೇ ಡೀಮನ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ) ಇದೆ, ಬೂಟ್‌ನಲ್ಲಿ ತಾನೇ ಏಳುತ್ತೆ.

ಪೆಂಗ್ವಿನ್_ಅಣ್ಣ | ರಾತ್ರಿ 9:48

ಒಳ್ಳೆ ಸಾಫ್ಟ್‌ವೇರ್, ಒಪ್ಪುತ್ತೇನೆ. ಮನೆಯವರ ಕಂಪ್ಯೂಟರ್‌ಗೆ ಅದನ್ನೇ ಹಾಕಿದ್ದೇನೆ. ಕೋರ್‌ಕಂಟ್ರೋಲ್ ಕೂಡ ಇದೆ, ಆದರೆ ಅದು ಲಾಗಿನ್ ಆದ ಮೇಲೆ ಶುರುವಾಗುತ್ತೆ. ಎಲ್‌ಎಂ-ಸೆನ್ಸರ್ಸ್ ಜೊತೆ ಬರುವ ಹಳೇ ಫ್ಯಾನ್‌ಕಂಟ್ರೋಲ್ ನನಗೆ ಇಷ್ಟ. ಎಚ್‌ಡಬ್ಲ್ಯೂಮಾನ್ ನಂಬರ್ ಬದಲಾಗಿದ್ದರೆ "ನಿಮ್ಮ ಸೆಟಿಂಗ್ ಹಳೆಯದಾಗಿದೆ" ಅಂತ ಹೇಳಿ ಶುರುವೇ ಆಗಲ್ಲ. ಜನ ಬೈಯುತ್ತಾರೆ, ಆದರೆ ತಪ್ಪು ಫ್ಯಾನನ್ನು ಮುಟ್ಟೋದಕ್ಕಿಂತ ಸುಮ್ನೆ ನಿಲ್ಲೋದು ಸರಿಯಾದ ನಡತೆ.

ಬಿಸಿಲೂರು ಅವರು ಕಲಿಯಬೇಕು ಅಂದರು. ಹಾಗಾಗಿ ಸ್ಕ್ರಿಪ್ಟ್.

ಧಾರವಾಡ_ಪೇಡಾ | ರಾತ್ರಿ 10:02

ಆರ್‌ಎಕ್ಸ್ 7000 ಸಾಲಿನ ಕಾರ್ಡ್ ಇರುವವರು ಒಂದು ವಿಷಯ ಗಮನಿಸಿ. ನನ್ನದು 7800 ಎಕ್ಸ್‌ಟಿ. ಇದರಲ್ಲಿ ಪಿಡಬ್ಲ್ಯೂಎಂ1ಗೆ ಬರೆಯುವ ಹಳೇ ದಾರಿ ನಡೆಯಲ್ಲ. ಕರ್ನಲ್ 6.7ರಿಂದ ಜಿಪಿಯು_ಒಡಿ ಫೋಲ್ಡರ್ ಒಳಗೆ ಫ್ಯಾನ್_ಕರ್ವ್ ಅಂತ ಫೈಲ್ ಬಂದಿದೆ. ಅದು ಕಾಣಬೇಕಾದರೆ ಬೂಟ್ ಆಯ್ಕೆಯಲ್ಲಿ ಓವರ್‌ಡ್ರೈವ್ (ಕಾರ್ಡಿನ ಸೆಟಿಂಗ್ ಬದಲಿಸಲು ಬಿಡುವ ಆಯ್ಕೆ) ಆನ್ ಮಾಡಿರಬೇಕು. ಎಷ್ಟು ಬಿಸಿಗೆ ಎಷ್ಟು ವೇಗ ಅಂತ ಐದು ಬಿಂದು ಕೊಟ್ಟು, ಕೊನೆಗೆ ಸಿ ಅಕ್ಷರ ಬರೆದರೆ ಜಾರಿಯಾಗುತ್ತೆ. ಆ ಗೆರೆ ನೋಡಿಕೊಂಡು ಫ್ಯಾನ್ ಓಡಿಸೋದು ಕಾರ್ಡೇ. ಅಂದರೆ ಲೂಪ್ ಬೇಡ, ಬೂಟ್‌ನಲ್ಲಿ ಒಂದು ಸಲ ಬರೆದು ಮುಗಿಸುವ ಒನ್‌ಶಾಟ್ ಸರ್ವಿಸ್ ಸಾಕು. ಸ್ಕ್ರಿಪ್ಟ್ ಮುಗಿದರೂ ಅಪಾಯ ಇಲ್ಲ.

ಬಿಸಿಲೂರು | ಎರಡು ದಿನದ ನಂತರ, ರಾತ್ರಿ 8:20

ಇನ್ನೆರಡು ಸಮಸ್ಯೆ. ಕಂಪ್ಯೂಟರನ್ನು ಸ್ಲೀಪ್‌ಗೆ ಹಾಕಿ ಎಬ್ಬಿಸಿದರೆ ಸ್ಕ್ರಿಪ್ಟ್ ಓಡುತ್ತಲೇ ಇರುತ್ತೆ, ಆದರೆ ಫ್ಯಾನ್ ಅದರ ಮಾತು ಕೇಳಲ್ಲ. ಕರ್ನಲ್ ಲಾಗ್‌ನಲ್ಲಿ ಮೊದಲು ಮ್ಯಾನುಯಲ್ ಮೋಡ್ ಆನ್ ಮಾಡಿ ಅಂತ ಸಾಲು ಸಾಲು ಬರುತ್ತೆ. ಎರಡನೇದು, 65 ಡಿಗ್ರಿ ಹತ್ತಿರ ಫ್ಯಾನ್ ಜೋರು, ಮೆಲ್ಲಗೆ, ಜೋರು, ಮೆಲ್ಲಗೆ. ರಾತ್ರಿ ಪಕ್ಕದಲ್ಲಿ ಮಲಗುವ ಅಜ್ಜಿಗೆ ನಿದ್ದೆ ಬರಲ್ಲ.

ಪೆಂಗ್ವಿನ್_ಅಣ್ಣ | ರಾತ್ರಿ 8:41

ನಿದ್ದೆಯಿಂದ ಎದ್ದಾಗ ಡ್ರೈವರ್ ಕಾರ್ಡನ್ನು ಹೊಸದಾಗಿ ಸಜ್ಜು ಮಾಡುತ್ತೆ, ಆಗ ಎನೇಬಲ್ 2ಕ್ಕೆ ಮರಳಿದೆ. ನೀವು 1 ಬರೆಯೋದು ಲೂಪ್‌ನ ಹೊರಗೆ ಒಂದೇ ಸಲ. ಅದನ್ನು ಲೂಪ್ ಒಳಗೆ ತನ್ನಿ. ಪ್ರತಿ ಸುತ್ತಿನಲ್ಲೂ ಎನೇಬಲ್ ಓದಿ, 1 ಇಲ್ಲದಿದ್ದರೆ 1 ಬರೆದು ಮುಂದೆ ಹೋಗಲಿ.

ಉಯ್ಯಾಲೆಗೆ ಔಷಧ, ಏರುವ ಗಡಿ ಮತ್ತು ಇಳಿಯುವ ಗಡಿ ಬೇರೆ ಇಡೋದು. 65 ದಾಟಿದ ಕೂಡಲೇ ಏರಲಿ. ಇಳಿಯೋದು ಮಾತ್ರ 61ಕ್ಕೆ ಬಂದ ಮೇಲೆ. ಟೆಂಪ್1_ಇನ್‌ಪುಟ್ ಬರೋದು ಸಾವಿರಪಟ್ಟಾಗಿ, 65 ಡಿಗ್ರಿ ಅಂದರೆ 65000. ಹೋಲಿಸುವ ಮುಂಚೆ ಭಾಗಿಸಿ.

ತುಂಗಾತೀರ | ರಾತ್ರಿ 8:55

ಸೆಕೆಂಡ್ ಹ್ಯಾಂಡ್ ಕಾರ್ಡ್ ಅಂದಿರಲ್ಲ, ಧೂಳು ತೆಗೆದಿದ್ದೀರಾ? ಸ್ಕ್ರಿಪ್ಟ್ ಎಷ್ಟೇ ಚೆನ್ನಾಗಿದ್ದರೂ ಮುಚ್ಚಿಹೋದ ಹೀಟ್‌ಸಿಂಕ್ ಒಳಗೆ ಗಾಳಿ ಹೋಗಲ್ಲ. ಬ್ಲೋಯರ್ ಹಿಡಿಯುವಾಗ ಫ್ಯಾನ್ ರೆಕ್ಕೆಯನ್ನು ಬೆರಳಲ್ಲಿ ಒತ್ತಿ ಹಿಡಿಯಿರಿ. ಬಿಟ್ಟರೆ ಗಾಳಿಗೆ ಹುಚ್ಚು ಹಿಡಿದಂತೆ ತಿರುಗಿ ಬೇರಿಂಗ್ ಹಾಳಾಗುತ್ತೆ.

ಬಿಸಿಲೂರು | ಭಾನುವಾರ, ರಾತ್ರಿ 10:10

ಬೆಳಿಗ್ಗೆ ಕಾರ್ಡ್ ಬಿಚ್ಚಿದೆ. ಹೀಟ್‌ಸಿಂಕ್‌ನ ತೆಳು ತಗಡುಗಳ ನಡುವೆ ಧೂಳು ಹಳೇ ಕಂಬಳಿ ತುಂಡಿನ ಹಾಗೆ ಒಂದೇ ಪದರವಾಗಿ ಕೂತಿತ್ತು. ಚಿಮುಟದಲ್ಲಿ ಹಿಡಿದು ಎಳೆದರೆ ಇಡಿಯಾಗಿ ಎದ್ದು ಬಂತು. ರೆಕ್ಕೆ ಒತ್ತಿ ಹಿಡಿದೇ ಬ್ಲೋಯರ್ ಬಿಟ್ಟೆ. ಒಣಗಿ ಹೋಗಿದ್ದ ಥರ್ಮಲ್ ಪೇಸ್ಟನ್ನೂ ಬದಲಿಸಿದೆ.

ಈಗಿನ ಸೆಟಿಂಗ್ ಹೀಗಿದೆ. 50 ಡಿಗ್ರಿ ಕೆಳಗೆ ಪಿಡಬ್ಲ್ಯೂಎಂ 77, ಅಂದರೆ ಶೇಕಡಾ 30. ಆಮೇಲೆ 65ರ ತನಕ 128, 75ರ ತನಕ 191, ಅದರ ಮೇಲೆ ಪೂರ್ತಿ 255. ಇಳಿಯುವಾಗ ಎಲ್ಲಾ ಕಡೆ 4 ಡಿಗ್ರಿ ಅಂತರ. ಇವತ್ತು ತಮ್ಮ ಎರಡು ಗಂಟೆ ಆಡಿದ, 71 ದಾಟಲಿಲ್ಲ. ನಡುವೆ ಕರೆಂಟ್ ಹೋಗಿ ಬಂತು. ಕಂಪ್ಯೂಟರ್ ಆನ್ ಮಾಡಿದಾಗ ಸ್ಕ್ರಿಪ್ಟ್ ತಾನಾಗಿ ಎದ್ದಿತ್ತು. ಎಚ್‌ಡಬ್ಲ್ಯೂಮಾನ್ ನಂಬರ್ ಈ ಸಲ 1.

ಅಜ್ಜಿ ಮಲಗಿದ್ದಾರೆ.